ಸೋತ ಮೇಲೆ ಹುಟ್ಟಿದ ಕಾರಣಗಳು

ಅಮೆರಿಕದ ಅಂತರ್ಯುದ್ಧ ಗುಲಾಮಗಿರಿಗಾಗಿ ನಡೆದದ್ದಲ್ಲ ಎಂದು ವಾದಿಸುವವರು ಅಮೆರಿಕದಲ್ಲಿ ಇಂದಿಗೂ ಇದ್ದಾರೆ. ಅವರ ಪುಸ್ತಕ ಓದಿ ಅದೇ ಪಾಠವನ್ನು ನಮ್ಮಲ್ಲಿ ಒಪ್ಪಿಸುವವರೂ ಇದ್ದಾರೆ. ರಾಜ್ಯಗಳ ಹಕ್ಕು, ಸುಂಕ, ಸ್ವಾಭಿಮಾನ, ಉತ್ತರದವರ ದಬ್ಬಾಳಿಕೆ ಎಂದು ಅವರು ಎಣಿಸುವ ಕಾರಣಗಳ ಪಟ್ಟಿ ಉದ್ದವಿದೆ. ಆ ಪಟ್ಟಿಯಲ್ಲಿ ಕಾಣದವರು ಸುಮಾರು 40 ಲಕ್ಷ ಗುಲಾಮರು ಮಾತ್ರ. 'ಇತಿಹಾಸ ಬರೆದವರು ಗೆದ್ದವರು, ಸೋತವರ ಮಾತನ್ನೂ ಕೇಳಿ' ಎನ್ನುವುದು ಇವರ ಬೇಡಿಕೆ. ನ್ಯಾಯವಾದ ಬೇಡಿಕೆಯೇ. ಹಾಗಾಗಿ ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟದ್ದೇಕೆ ಎಂಬ ಪ್ರಶ್ನೆಗೆ ಆ ರಾಜ್ಯಗಳ ಬಾಯಿಂದಲೇ ಉತ್ತರ ಪಡೆಯೋಣ. ಒಂದು ಷರತ್ತಿದೆ: ಸೋಲುವ ಮೊದಲು ಅವರು ಆಡಿದ ಮಾತನ್ನು ಮೊದಲು ಕೇಳಬೇಕು, ಸೋತ ಮೇಲೆ ಆಡಿದ್ದನ್ನು ಆಮೇಲೆ. ತೀರ್ಪು ಓದುಗರದು.

ಅವರ ಪ್ರಧಾನ ವಾದ ರಾಜ್ಯಗಳ ಹಕ್ಕಿನದು. ಕೇಂದ್ರ ಸರ್ಕಾರ ತನ್ನ ಎಲ್ಲೆ ಮೀರಿತು, ರಾಜ್ಯಗಳ ಸ್ವಾಯತ್ತತೆಯನ್ನು ತುಳಿಯಿತು, ಅದಕ್ಕಾಗಿ ದಕ್ಷಿಣ ಹೊರನಡೆಯಿತು ಎನ್ನುತ್ತಾರೆ. ಮೊದಲು ಹೊರನಡೆದದ್ದು ದಕ್ಷಿಣ ಕೆರೊಲೈನಾ, 1860ರ ಡಿಸೆಂಬರ್ 20ರಂದು. ನಾಲ್ಕು ದಿನಗಳ ನಂತರ ಅದು ತನ್ನ ನಿರ್ಧಾರಕ್ಕೆ ಕಾರಣಗಳನ್ನು ವಿವರಿಸುವ ಪತ್ರವನ್ನು ಅಧಿಕೃತವಾಗಿ ಹೊರಡಿಸಿತು. ಅದರಲ್ಲಿರುವ ಮುಖ್ಯ ದೂರು ಕೇಂದ್ರ ಸರ್ಕಾರ ರಾಜ್ಯಗಳ ಹಕ್ಕನ್ನು ಕಿತ್ತುಕೊಂಡಿತು ಎಂದಲ್ಲ. ಉತ್ತರದ ರಾಜ್ಯಗಳು ತಮ್ಮ ಹಕ್ಕನ್ನು ಬಳಸಿದವು ಎಂಬುದೇ ಅದರ ದೂರು! ಓಡಿಬಂದ ಗುಲಾಮರನ್ನು ಹಿಡಿದೊಪ್ಪಿಸಲು ಅಡ್ಡಿಯಾಗುವಂಥ ಕಾನೂನುಗಳನ್ನು ಮಾಡಿಕೊಂಡ ಹತ್ತಕ್ಕೂ ಹೆಚ್ಚು ಉತ್ತರದ ರಾಜ್ಯಗಳನ್ನು ಅದು ಹೆಸರು ಹಿಡಿದು ಜರೆಯುತ್ತದೆ. ಧಣಿಗಳು ಗುಲಾಮರ ಸಮೇತ ತನ್ನ ನೆಲದ ಮೇಲೆ ಹಾದುಹೋಗುವುದಕ್ಕೂ ನ್ಯೂಯಾರ್ಕ್ ಬಿಡುತ್ತಿಲ್ಲವೆಂದು ಅಲವತ್ತುಕೊಳ್ಳುತ್ತದೆ. ಕೆಲವು ರಾಜ್ಯಗಳು ಕಪ್ಪು ಜನರಿಗೆ ಪೌರತ್ವ ಕೊಟ್ಟದ್ದನ್ನೂ ಅಪರಾಧಗಳ ಸಾಲಿಗೆ ಸೇರಿಸುತ್ತದೆ. ಇದು ರಾಜ್ಯಗಳ ಹಕ್ಕಿನ ಪರವಾದ ದಾಖಲೆಯೋ ವಿರುದ್ಧವಾದದ್ದೋ, ಓದುಗರೇ ಹೇಳಲಿ.

ಇದೊಂದು ಒಂಟಿ ಪ್ರಕರಣವೂ ಅಲ್ಲ. ಯುದ್ಧಕ್ಕೆ ಮುಂಚಿನ ಹತ್ತು ವರ್ಷ ಕೇಂದ್ರದ ಬಲವನ್ನು ಬೇಡಿದವರು, ಬಳಸಿದವರು ದಕ್ಷಿಣದವರೇ. ಪಲಾಯಿತ ಗುಲಾಮರನ್ನು ಹಿಡಿಯುವ 1850ರ ಕಾಯ್ದೆ ಕೇಂದ್ರದ ಅಧಿಕಾರಿಗಳನ್ನು ಉತ್ತರದ ಪ್ರತಿ ಊರಿಗೂ ನುಗ್ಗಿಸಿತು. ಹಿಡಿಯುವ ಕೆಲಸದಲ್ಲಿ ನೆರವಾಗಬೇಕೆಂದು ಸಾಮಾನ್ಯ ನಾಗರಿಕರಿಗೂ ಅಪ್ಪಣೆ ಮಾಡಲು ಆ ಅಧಿಕಾರಿಗಳಿಗೆ ಅಧಿಕಾರವಿತ್ತು. 1854ರಲ್ಲಿ ಆಂಥನಿ ಬರ್ನ್ಸ್ ಎಂಬ ಒಬ್ಬನೇ ಒಬ್ಬ ಯುವಕನನ್ನು ಬಾಸ್ಟನ್‌ನಿಂದ ವರ್ಜೀನಿಯಾಕ್ಕೆ ಮರಳಿಸಲು ಸೈನಿಕರ ಕಾವಲಿನಲ್ಲಿ ಬೀದಿಯಲ್ಲಿ ನಡೆಸಿಕೊಂಡು ಹೋದರು. ವಿಸ್ಕಾನ್ಸಿನ್‌ನ ಸರ್ವೋಚ್ಚ ನ್ಯಾಯಾಲಯ ಆ ಕಾಯ್ದೆ ಅಸಾಂವಿಧಾನಿಕ ಎಂದಿತು. ದೇಶದ ಸುಪ್ರೀಂ ಕೋರ್ಟ್ 1859ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಅಂದು ದಕ್ಷಿಣದವರು ವಿಸ್ಕಾನ್ಸಿನ್‌ನ ಹಕ್ಕಿಗಾಗಿ ಕಣ್ಣೀರಿಡಲಿಲ್ಲ. 1860ರಲ್ಲಿ ಚಾರ್ಲ್‌ಸ್ಟನ್‌ನಲ್ಲಿ ಸೇರಿದ ಡೆಮಾಕ್ರಟಿಕ್ ಪಕ್ಷದ ಸಮಾವೇಶ ಒಡೆದದ್ದು ಏತಕ್ಕೆ? ಇನ್ನೂ ರಾಜ್ಯಗಳಾಗದ ಪಶ್ಚಿಮದ ಪ್ರಾಂತಗಳಲ್ಲಿ ಗುಲಾಮಗಿರಿಗೆ ಕೇಂದ್ರವೇ ರಕ್ಷಣೆ ಕೊಡಬೇಕು ಎಂಬ ದಕ್ಷಿಣದ ಬೇಡಿಕೆಗೆ ಉತ್ತರದ ಪ್ರತಿನಿಧಿಗಳು ಒಪ್ಪಲಿಲ್ಲ, ಅದಕ್ಕೆ. ಬೇರೆಯಾದ ಮೇಲೆ ಅವರೇ ಬರೆದುಕೊಂಡ ಸಂವಿಧಾನ ನೋಡಿ. ಗುಲಾಮರ ಮೇಲಿನ ಒಡೆತನಕ್ಕೆ ಕುಂದು ತರುವ ಯಾವ ಕಾನೂನನ್ನೂ ಅವರ ಕಾಂಗ್ರೆಸ್ ಮಾಡುವಂತಿಲ್ಲ. ಯಾವ ರಾಜ್ಯಕ್ಕೆ ಬೇಕಾದರೂ ಗುಲಾಮರನ್ನು ಕರೆದುಕೊಂಡು ಹೋಗಿ ತಂಗುವ ಹಕ್ಕು ಧಣಿಗಳಿಗಿದೆ, ಅದನ್ನು ತಡೆಯುವ ಹಕ್ಕು ರಾಜ್ಯಕ್ಕಿಲ್ಲ. ಒಕ್ಕೂಟದಿಂದ ಹೊರನಡೆಯುವ ಹಕ್ಕನ್ನು, ಯಾವುದಕ್ಕಾಗಿ ಇಷ್ಟೆಲ್ಲ ನಡೆಯಿತು ಎನ್ನುತ್ತಾರೋ ಆ ಹಕ್ಕನ್ನು, ಆ ಸಂವಿಧಾನ ಎಲ್ಲಿಯೂ ಬರೆದಿಲ್ಲ.

ಉಳಿದ ರಾಜ್ಯಗಳೂ ಮುಚ್ಚುಮರೆ ಮಾಡಲಿಲ್ಲ. ಮಿಸಿಸಿಪ್ಪಿ ತನ್ನ ಘೋಷಣೆಯ ಆರಂಭದಲ್ಲೇ ತನ್ನ ನಿಲುವು ಗುಲಾಮಗಿರಿಯ ಜೊತೆ ಸಂಪೂರ್ಣ ಬೆಸೆದುಕೊಂಡಿದೆ ಎಂದು ಹೇಳಿಕೊಂಡಿತು. ಟೆಕ್ಸಸ್ ಇನ್ನೂ ಮುಂದೆ ಹೋಗಿ, ಈ ದೇಶದ ಸರ್ಕಾರಗಳನ್ನು ಬಿಳಿಯರು ತಮಗಾಗಿಯೇ ಕಟ್ಟಿಕೊಂಡದ್ದು, ಕಪ್ಪು ಜನ ಕೀಳಾದವರು ಎಂದು ಬರೆಯಿತು. ಅಲಬಾಮ ಮತ್ತು ಮಿಸಿಸಿಪ್ಪಿಯ ದೂತರು ಉಳಿದ ಗುಲಾಮ ರಾಜ್ಯಗಳಿಗೆ ಹೋಗಿ, ಲಿಂಕನ್ ಅಧ್ಯಕ್ಷರಾಗಿ ಬಂದರೆ ಬಿಳಿಯರ ಮೇಲ್ಮೆ ಉಳಿಯದು ಎಂದು ಹೆದರಿಸಿದರು. ಇವೆಲ್ಲ ಯಾರೋ ಕುಡಿದ ಅಮಲಿನಲ್ಲಿ ಆಡಿದ ಮಾತುಗಳಲ್ಲ. ಶಾಸನಸಭೆಗಳು ಮತ್ತು ಸಮಾವೇಶಗಳು ಮತ ಹಾಕಿ ಅಂಗೀಕರಿಸಿದ, ಜಗತ್ತು ಓದಲೆಂದು ಅಚ್ಚು ಹಾಕಿಸಿದ ದಾಖಲೆಗಳು, ನೇಮಕಗೊಂಡ ದೂತರು ಅಧಿಕೃತವಾಗಿ ಮಾಡಿದ ಮನವಿಗಳು.

ಈಗ ಒಬ್ಬ ಸಾಕ್ಷಿಯನ್ನು ಎರಡು ಸಲ ಕರೆಯೋಣ. ಅಲೆಕ್ಸಾಂಡರ್ ಸ್ಟೀಫನ್ಸ್ ದಕ್ಷಿಣದ ಹೊಸ ಸರ್ಕಾರದ ಉಪಾಧ್ಯಕ್ಷ. 1861ರ ಮಾರ್ಚ್ 21ರಂದು ಜಾರ್ಜಿಯಾದ ಸವಾನಾದಲ್ಲಿ ಆತ ಭಾಷಣ ಮಾಡಿದ. ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ, ಗುಲಾಮಗಿರಿಯೇ ಅವನ ಸಹಜ ಸ್ಥಿತಿ ಎಂಬ ಮಹಾಸತ್ಯವೇ ತಮ್ಮ ಸರ್ಕಾರದ ಮೂಲೆಗಲ್ಲು ಎಂದ. ಇಂಥ ತಳಪಾಯದ ಮೇಲೆ ನಿಂತ ಜಗತ್ತಿನ ಮೊದಲ ಸರ್ಕಾರ ತಮ್ಮದೇ ಎಂದು ಹೆಮ್ಮೆಪಟ್ಟ. ನಾಲ್ಕು ವರ್ಷಗಳಲ್ಲಿ ಎಲ್ಲವೂ ಮಣ್ಣುಪಾಲಾಯಿತು. 1868ರಿಂದ ಅದೇ ಸ್ಟೀಫನ್ಸ್ ಹೊರತಂದ ದಪ್ಪ ಸಂಪುಟಗಳಲ್ಲಿ ಯುದ್ಧ ನಡೆದದ್ದು ಸಂವಿಧಾನದ ತತ್ತ್ವಕ್ಕಾಗಿ, ಒಕ್ಕೂಟದ ಸ್ವರೂಪದ ಬಗೆಗಿನ ಭಿನ್ನಾಭಿಪ್ರಾಯಕ್ಕಾಗಿ. ಗುಲಾಮಗಿರಿ ಅದಕ್ಕೊಂದು ನಿಮಿತ್ತ ಮಾತ್ರ. ಮೂಲೆಗಲ್ಲಿನ ಭಾಷಣದ ವಿಷಯ ಎತ್ತಿದಾಗ ವರದಿಗಾರ ಸರಿಯಾಗಿ ಬರೆದುಕೊಂಡಿರಲಿಲ್ಲ ಎಂಬ ಸಬೂಬು ಬಂತು. ಆದರೆ ಸವಾನಾದ ಭಾಷಣವಾಗಿ ಒಂದು ತಿಂಗಳಿಗೆ ವರ್ಜೀನಿಯಾದ ಸಮಾವೇಶದ ಮುಂದೆಯೂ ಆತ ಅದೇ ಧಾಟಿಯಲ್ಲಿ ಮಾತಾಡಿದ್ದ. ಅಲ್ಲಿಯೂ ವರದಿಗಾರನದೇ ತಪ್ಪೇ? ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್ ಕೂಡ 1881ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದೇ ದಾರಿ ಹಿಡಿದ. ಒಬ್ಬನೇ ಸಾಕ್ಷಿ ಲಾಭವಿದ್ದಾಗ ಒಂದು, ನಷ್ಟವಾದ ಮೇಲೆ ಇನ್ನೊಂದು ಹೇಳಿದರೆ ಯಾವ ನ್ಯಾಯಾಲಯ ಎರಡನೆಯದನ್ನು ನಂಬುತ್ತದೆ?

ಸುಂಕದ ವಾದಕ್ಕೆ ಹೆಚ್ಚು ಶಾಯಿ ಖರ್ಚು ಮಾಡಬೇಕಿಲ್ಲ. ಆಮದಿನ ಮೇಲೆ ಭಾರೀ ಸುಂಕ ಹೇರಿ ಉತ್ತರದವರು ದಕ್ಷಿಣವನ್ನು ಸುಲಿದರು ಎನ್ನುತ್ತಾರೆ. 1860ರಲ್ಲಿ ಜಾರಿಯಲ್ಲಿದ್ದದ್ದು 1857ರ ಸುಂಕ, ಅದಕ್ಕೆ ಹಿಂದಿನ ನಾಲ್ಕು ದಶಕಗಳಲ್ಲೇ ಕಡಿಮೆಯದು. ದಕ್ಷಿಣದ ಸದಸ್ಯರೇ ಅದಕ್ಕೆ ಬೆಂಬಲ ಕೊಟ್ಟಿದ್ದರು. ಇವರು ಬೆರಳು ಮಾಡಿ ತೋರಿಸುವ ಮಾರಿಲ್ ಸುಂಕ ಸೆನೆಟ್ ದಾಟಿದ್ದು ದಕ್ಷಿಣದ ಸೆನೆಟರುಗಳು ಎದ್ದುಹೋಗಿ ಕುರ್ಚಿಗಳು ಖಾಲಿಯಾದ ಮೇಲೆ, 1861ರಲ್ಲಿ. ಹೊರನಡೆದ ಪರಿಣಾಮವನ್ನೇ ಹೊರನಡೆದ ಕಾರಣ ಎನ್ನುವುದು ಕಾಲವನ್ನು ತಲೆಕೆಳಗು ಮಾಡಿದಂತೆ. ದಕ್ಷಿಣ ಕೆರೊಲೈನಾದ ಕಾರಣಪತ್ರದಲ್ಲಿ ಸುಂಕದ ಸುದ್ದಿಯೇ ಇಲ್ಲ. ಜಾರ್ಜಿಯಾದ ಘೋಷಣೆ ಸುಂಕದ ಮಾತನ್ನು ಎತ್ತುತ್ತದೆ, ಆದರೆ ಎತ್ತುವುದು ಆ ಜಗಳ 1846ರಲ್ಲೇ ಕಡಿಮೆ ಸುಂಕದ ಪರವಾಗಿ ತೀರ್ಮಾನವಾಯಿತು ಎಂದು ಹೇಳಲಿಕ್ಕೆ!

'ದಕ್ಷಿಣದ ಹೆಚ್ಚಿನ ಸೈನಿಕರಿಗೆ ಗುಲಾಮರೇ ಇರಲಿಲ್ಲ, ಇಲ್ಲದ ಆಸ್ತಿಗಾಗಿ ಯಾರು ಪ್ರಾಣ ಕೊಡುತ್ತಾರೆ?' ಎಂಬ ಪ್ರಶ್ನೆ ಕೇಳಲು ಚೆನ್ನಾಗಿದೆ. ಇದರ ಹಿಂದೆ ಲೆಕ್ಕದ ಒಂದು ಕೈಚಳಕವಿದೆ. 1860ರ ಜನಗಣತಿ ಗುಲಾಮರನ್ನು ಮನೆಯ ಯಜಮಾನನ ಹೆಸರಿನಲ್ಲಿ ಬರೆಯಿತು. ಯಜಮಾನನ ಹೆಂಡತಿ ಮಕ್ಕಳೂ ಆ ಲೆಕ್ಕದಲ್ಲಿ 'ಗುಲಾಮರಿಲ್ಲದವರು'. ಇಪ್ಪತ್ತು ವರ್ಷದ ಮಗ ಬಂದೂಕು ಹಿಡಿದು ಹೊರಟರೆ ಅವನೂ ಗುಲಾಮರಿಲ್ಲದ ಬಡ ಸೈನಿಕ! ಕುಟುಂಬಗಳನ್ನು ಎಣಿಸಿದರೆ ಚಿತ್ರ ಬದಲಾಗುತ್ತದೆ. ಬೇರೆಯಾದ ಹನ್ನೊಂದು ರಾಜ್ಯಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಬಿಳಿಯ ಕುಟುಂಬಕ್ಕೆ ಗುಲಾಮರಿದ್ದರು. ಮಿಸಿಸಿಪ್ಪಿ ಮತ್ತು ದಕ್ಷಿಣ ಕೆರೊಲೈನಾದಲ್ಲಿ ಸುಮಾರು ಅರ್ಧದಷ್ಟು ಕುಟುಂಬಗಳಿಗೆ.

ಲೆಕ್ಕ ಬಿಡಿ. ಸೈನಿಕ ಊರಿನ ಮೇಲಿನ ಅಭಿಮಾನಕ್ಕೆ ಹೋಗಿರಬಹುದು, ಗೆಳೆಯರು ಹೋದರೆಂದು ಹೋಗಿರಬಹುದು, 1862ರ ಏಪ್ರಿಲ್ ನಂತರ ಕಡ್ಡಾಯ ಭರ್ತಿಯ ಕಾನೂನು ಎಳೆದೊಯ್ದಿರಬಹುದು. ಅವನು ಏಕೆ ಹೋದ ಎಂಬುದು ಒಂದು ಪ್ರಶ್ನೆ, ಅವನ ರಾಜ್ಯ ಏಕೆ ಬೇರೆಯಾಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದರಿಂದ ನುಣುಚಿಕೊಳ್ಳುವುದು ವಾದವಲ್ಲ. ನಕ್ಷೆಯನ್ನು ನೋಡಿದರೆ ಎರಡನೆಯದಕ್ಕೆ ಉತ್ತರ ಕಣ್ಣಿಗೆ ಕಟ್ಟುತ್ತದೆ. ಜನಸಂಖ್ಯೆಯಲ್ಲಿ ಗುಲಾಮರೇ ಬಹುಸಂಖ್ಯಾತರಾಗಿದ್ದ ದಕ್ಷಿಣ ಕೆರೊಲೈನಾ ಮತ್ತು ಮಿಸಿಸಿಪ್ಪಿ ಮೊದಲು ಹೊರಟವು. ಗುಲಾಮರ ಪ್ರಮಾಣ ಕಡಿಮೆಯಿದ್ದ ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸ್ಸೂರಿ ಹೊರಡಲೇ ಇಲ್ಲ. ಗುಲಾಮರು ವಿರಳವಾಗಿದ್ದ ವರ್ಜೀನಿಯಾದ ಗುಡ್ಡಗಾಡಿನ ಜಿಲ್ಲೆಗಳು ತಮ್ಮ ರಾಜ್ಯವನ್ನೇ ಒಡೆದುಕೊಂಡು 1863ರಲ್ಲಿ ಪಶ್ಚಿಮ ವರ್ಜೀನಿಯಾ ಎಂಬ ಹೆಸರಿನಲ್ಲಿ ಒಕ್ಕೂಟಕ್ಕೆ ಸೇರಿದವು. ಬಡ ಬಿಳಿಯ ಸೈನಿಕನ ಮೇಲೆ ಇಷ್ಟು ಕನಿಕರ ತೋರುವವರು 1862ರ ಅಕ್ಟೋಬರಿನ ಕಾನೂನನ್ನು ಮರೆಯುತ್ತಾರೆ. ಇಪ್ಪತ್ತು ಅಥವಾ ಹೆಚ್ಚು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಂತೆ ಸೇನೆಯಿಂದ ವಿನಾಯಿತಿ ಕೊಟ್ಟ ಕಾನೂನು ಅದು. ಇದು ಧಣಿಗಳ ಯುದ್ಧ, ಬಡವರ ಕಾಳಗ ಎಂದು ಆ ಸೈನಿಕರೇ ಅಂದು ಗೊಣಗಿದ್ದರು.

ಇನ್ನು ಅವರ ಅತಿ ಪ್ರೀತಿಯ ವಾದ: 'ಲಿಂಕನ್‌ಗೇ ಗುಲಾಮರ ಬಿಡುಗಡೆ ಬೇಕಿರಲಿಲ್ಲ.' ಇದರಲ್ಲಿ ಅರ್ಧ ಸತ್ಯವಿದೆ. ಲಿಂಕನ್ ಯುದ್ಧಕ್ಕಿಳಿದದ್ದು ಒಕ್ಕೂಟ ಉಳಿಸಲು. 1858ರ ಚರ್ಚೆಗಳಲ್ಲಿ ಬಿಳಿಯರ, ಕಪ್ಪು ಜನರ ಸಾಮಾಜಿಕ ಸಮಾನತೆ ತನಗೆ ಬೇಡ ಎಂದದ್ದೂ ದಾಖಲಾಗಿದೆ. ಇದನ್ನು ಮುಚ್ಚಿಡಬೇಕಾದ ಅಗತ್ಯ ನನಗಿಲ್ಲ. ಆದರೆ ಉತ್ತರದವರು ಯಾತಕ್ಕೆ ಹೋರಾಡಿದರು ಎಂಬುದು ದಕ್ಷಿಣದವರು ಯಾತಕ್ಕೆ ಹೊರನಡೆದರು ಎಂಬುದಕ್ಕೆ ಉತ್ತರವಾಗುವುದು ಹೇಗೆ? ಮನೆಗೆ ಬೆಂಕಿಯಿಟ್ಟವನ ಉದ್ದೇಶವನ್ನು ಆರಿಸಲು ಬಂದವನ ಉದ್ದೇಶದಿಂದ ಅಳೆಯಲಾಗದು. ಇದ್ದಲ್ಲಿ ಗುಲಾಮಗಿರಿಯನ್ನು ಮುಟ್ಟುವುದಿಲ್ಲ ಎಂದು ಲಿಂಕನ್ ಮಾತು ಕೊಟ್ಟಿದ್ದರು. ಹೊಸ ಪ್ರಾಂತಗಳಿಗೆ ಅದನ್ನು ಹರಡಲು ಬಿಡುವುದಿಲ್ಲ ಎಂಬುದರಲ್ಲಿ ಮಾತ್ರ ಒಂದಿಂಚೂ ಸರಿಯಲಿಲ್ಲ. 1860ರ ಡಿಸೆಂಬರಿನಲ್ಲಿ ಸೆನೆಟರ್ ಕ್ರಿಟೆಂಡನ್ ಮುಂದಿಟ್ಟ ಸಂಧಾನಸೂತ್ರ ಮುರಿದುಬಿದ್ದದ್ದು ಇದೇ ವಿಷಯಕ್ಕೆ. ಹರಡದ ಗುಲಾಮಗಿರಿ ಒಂದು ದಿನ ಉಸಿರುಗಟ್ಟಿ ಸಾಯುತ್ತದೆ ಎಂದು ಲಿಂಕನ್ ಆಶಿಸಿದ್ದರು, ದಕ್ಷಿಣದವರು ಭಯಪಟ್ಟಿದ್ದರು. ಆ ಒಂದು ಅಂಶದಲ್ಲಿ ಇಬ್ಬರ ಅಂದಾಜೂ ಒಂದೇ ಆಗಿತ್ತು.

ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿಗೆ ಲಿಂಕನ್ 1862ರ ಆಗಸ್ಟ್ 22ರಂದು ಬರೆದ ಕಾಗದವನ್ನು ಇವರು ಎತ್ತಿ ತೋರಿಸುತ್ತಾರೆ. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುತ್ತೇನೆ ಎಂಬ ಅರ್ಥದ ಮಾತು ಅದರಲ್ಲಿದೆ, ನಿಜ. ಇವರು ಹೇಳದೆ ಬಿಡುವುದು ಒಂದು ದಿನಾಂಕವನ್ನು. ಆ ಕಾಗದ ಬರೆಯುವ ಒಂದು ತಿಂಗಳ ಮುಂಚೆ, ಜುಲೈ 22ರಂದೇ, ಬಿಡುಗಡೆಯ ಘೋಷಣೆಯ ಕರಡನ್ನು ಲಿಂಕನ್ ತಮ್ಮ ಮಂತ್ರಿಗಳ ಮುಂದೆ ಓದಿದ್ದರು. ಯುದ್ಧಭೂಮಿಯಲ್ಲಿ ಒಂದು ಗೆಲುವಿಗಾಗಿ ಕಾಯುತ್ತಿದ್ದರು. ಆಂಟೀಟಮ್ ಕಾಳಗದ ನಂತರ, ಸೆಪ್ಟೆಂಬರ್ 22ರಂದು ಅದನ್ನು ಹೊರಡಿಸಿದರು. 1863ರ ಜನವರಿ 1ರಂದು ಅದು ಜಾರಿಗೆ ಬಂತು. 'ತನ್ನ ಹಿಡಿತವಿಲ್ಲದ ಕಡೆ ಬಿಡುಗಡೆ, ಹಿಡಿತವಿದ್ದ ಕಡೆ ಇಲ್ಲ' ಎಂದು ಮೂದಲಿಸುವವರಿಗೆ ಸಂವಿಧಾನದ ಅರಿವು ಬೇಕಿತ್ತು, ಅದರಲ್ಲೂ ಸಂವಿಧಾನದ ಹೆಸರಲ್ಲೇ ವಾದಿಸುವವರಿಗೆ. ಬಂಡೆದ್ದ ಪ್ರದೇಶದಲ್ಲಿ ಶತ್ರುವಿನ ಬಲ ಕುಗ್ಗಿಸಲು ಸೇನಾಧಿಪತಿಯಾಗಿ ಅಧ್ಯಕ್ಷರಿಗೆ ಇದ್ದ ಅಧಿಕಾರ, ನಿಷ್ಠೆಯಿಂದ ಉಳಿದ ರಾಜ್ಯಗಳಲ್ಲಿ ಇರಲಿಲ್ಲ. ಅಲ್ಲಿಗೆ ಸಂವಿಧಾನದ ತಿದ್ದುಪಡಿಯೇ ಬೇಕಿತ್ತು. ಅದಕ್ಕಾಗಿ ಲಿಂಕನ್ ಬೆವರು ಹರಿಸಿದರು. 1865ರ ಜನವರಿ 31ರಂದು ಹದಿಮೂರನೆಯ ತಿದ್ದುಪಡಿ ಕೆಳಮನೆಯನ್ನು ದಾಟಿತು.

ಈ ಇಡೀ ವಾದದಲ್ಲಿ ನನ್ನನ್ನು ಕೆರಳಿಸುವುದು ಬೇರೆಯೇ ಇದೆ. ಅವರ ಕಥೆಯಲ್ಲಿ ಗುಲಾಮರು ಕೈಕಟ್ಟಿ ಕೂತಿರುತ್ತಾರೆ, ಲಿಂಕನ್ ಕೊಟ್ಟರೋ ಇಲ್ಲವೋ ಎಂಬುದೊಂದೇ ಪ್ರಶ್ನೆ. 1861ರ ಮೇ ತಿಂಗಳಲ್ಲಿ, ಘೋಷಣೆಗೆ ಒಂದು ವರ್ಷಕ್ಕೂ ಮುಂಚೆ, ಫ್ರಾಂಕ್ ಬೇಕರ್, ಷೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರು ವರ್ಜೀನಿಯಾದಲ್ಲಿ ಒಕ್ಕೂಟದ ಸೇನೆಯ ಹಿಡಿತದಲ್ಲಿದ್ದ ಮನ್ರೋ ಕೋಟೆಗೆ ತಪ್ಪಿಸಿಕೊಂಡು ಬಂದರು. ಅವರನ್ನು ಮರಳಿಸುವುದಿಲ್ಲ ಎಂದು ಅಲ್ಲಿನ ಸೇನಾಧಿಕಾರಿ ಬಟ್ಲರ್ ನಿರ್ಧರಿಸಿದ. ಸುದ್ದಿ ಹಬ್ಬಿ ಕೋಟೆಯ ಬಾಗಿಲಿಗೆ ಜನ ಸಾಲುಗಟ್ಟಿದರು. 1862ರ ಮೇ 13ರ ನಸುಕಿನಲ್ಲಿ ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ ದಕ್ಷಿಣದ ಸೇನೆಯದೇ ಹಡಗನ್ನು ತನ್ನ ಮನೆಯವರ ಸಮೇತ ಚಾರ್ಲ್‌ಸ್ಟನ್ ಬಂದರಿನಿಂದ ನಡೆಸಿಕೊಂಡು ಬಂದು ಉತ್ತರದವರಿಗೆ ಒಪ್ಪಿಸಿದ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,80,000 ಕಪ್ಪು ಸೈನಿಕರು ಒಕ್ಕೂಟದ ಸಮವಸ್ತ್ರ ತೊಟ್ಟಿದ್ದರು. ಯುದ್ಧ ಯಾತಕ್ಕೆ ಎಂಬುದು ಇವರಿಗೆ ಮೊದಲ ದಿನವೇ ಗೊತ್ತಿತ್ತು.

'ಕಪ್ಪು ಜನರು ದಕ್ಷಿಣದ ಪರವಾಗಿಯೂ ಸಾವಿರಾರು ಸಂಖ್ಯೆಯಲ್ಲಿ ಹೋರಾಡಿದರು' ಎಂಬ ಉತ್ತರ ಇಲ್ಲಿ ಬರುತ್ತದೆ. ಅಡುಗೆಗೆ, ಕಂದಕ ತೋಡಲಿಕ್ಕೆ, ಧಣಿಯ ಕುದುರೆ ನೋಡಿಕೊಳ್ಳಲಿಕ್ಕೆ ಬಲವಂತವಾಗಿ ಒಯ್ದವರನ್ನು ಸೈನಿಕರೆಂದು ಎಣಿಸಿದರೆ ಯಾವ ಸಂಖ್ಯೆ ಬೇಕಾದರೂ ಬರುತ್ತದೆ. 1864ರ ಜನವರಿಯಲ್ಲಿ ಜನರಲ್ ಕ್ಲೀಬರ್ನ್ ಗುಲಾಮರಿಗೆ ಬಿಡುಗಡೆ ಕೊಟ್ಟು ಸೈನ್ಯಕ್ಕೆ ಸೇರಿಸೋಣ ಎಂದಾಗ ಡೇವಿಸ್ ಆ ಪ್ರಸ್ತಾವವನ್ನು ಅದುಮಿಟ್ಟ. ಗುಲಾಮರು ಒಳ್ಳೆಯ ಸೈನಿಕರಾಗಬಲ್ಲರಾದರೆ ಗುಲಾಮಗಿರಿಯ ಬಗೆಗಿನ ನಮ್ಮ ಸಿದ್ಧಾಂತವೇ ತಪ್ಪಾಗುತ್ತದೆ ಎಂದು ಜಾರ್ಜಿಯಾದ ಹವೆಲ್ ಕಾಬ್ ಎಚ್ಚರಿಸಿದ. ಅವರ ಕಾಂಗ್ರೆಸ್ ಒಪ್ಪಿದ್ದು 1865ರ ಮಾರ್ಚ್ 13ರಂದು; ರಾಜಧಾನಿ ರಿಚ್‌ಮಂಡ್ ಬಿದ್ದದ್ದು ಏಪ್ರಿಲ್ ಆರಂಭದಲ್ಲಿ. ಮೊದಲಿನಿಂದಲೂ ಸಾವಿರಾರು ಕಪ್ಪು ಸೈನಿಕರು ಇದ್ದಿದ್ದರೆ ಈ ಕಾನೂನು ಯಾರಿಗಾಗಿ?

ದಕ್ಷಿಣದ ಸೇನಾಪತಿ ರಾಬರ್ಟ್ ಇ. ಲೀ ಗುಲಾಮಗಿರಿಯನ್ನು ದ್ವೇಷಿಸಿದ ಸಂತ ಎಂಬ ಮಾತೂ ಇದೆ. ಆಧಾರ 1856ರಲ್ಲಿ ಲೀ ಹೆಂಡತಿಗೆ ಬರೆದ ಪತ್ರ. ಗುಲಾಮಗಿರಿ ನೈತಿಕ ಕೆಡುಕು ಎಂಬ ಮಾತು ಅದರಲ್ಲಿದೆ. ಮುಂದಿನ ಸಾಲುಗಳನ್ನು ಇವರು ಓದುವುದಿಲ್ಲ: ಆ ಕೆಡುಕು ಕಪ್ಪು ಜನರಿಗಿಂತ ಬಿಳಿಯರಿಗೇ ಹೆಚ್ಚು, ಅವರು ಆಫ್ರಿಕಾಕ್ಕಿಂತ ಇಲ್ಲೇ ಚೆನ್ನಾಗಿದ್ದಾರೆ, ಅನುಭವಿಸುತ್ತಿರುವ ಶಿಸ್ತು ಅವರಿಗೆ ಅಗತ್ಯ, ಅದು ಎಂದು ಮುಗಿಯಬೇಕೆಂಬುದು ದೈವಕ್ಕೆ ಬಿಟ್ಟದ್ದು. ಮಾವನ ಉಯಿಲು ಐದು ವರ್ಷಗಳೊಳಗೆ ಬಿಡುಗಡೆ ಮಾಡಬೇಕೆಂದಿದ್ದ ಗುಲಾಮರನ್ನು ಇನ್ನೂ ಹೆಚ್ಚು ಕಾಲ ಇಟ್ಟುಕೊಳ್ಳಲು ಲೀ ನ್ಯಾಯಾಲಯದ ಮೆಟ್ಟಿಲು ಹತ್ತಿದ. 1859ರಲ್ಲಿ ಓಡಿಹೋಗಿ ಸಿಕ್ಕಿಬಿದ್ದ ವೆಸ್ಲಿ ನಾರಿಸ್, ಲೀಯ ಎದುರಿನಲ್ಲೇ ತನಗೆ ಬಿದ್ದ ಐವತ್ತು ಚಾಟಿಯೇಟುಗಳ ಬಗ್ಗೆ 1866ರಲ್ಲಿ ಹೇಳಿಕೆ ಕೊಟ್ಟಿದ್ದಾನೆ. 1863ರಲ್ಲಿ ಲೀಯ ಸೇನೆ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದಾಗ ಸ್ವತಂತ್ರ ಕಪ್ಪು ಜನರನ್ನು ಹಿಡಿದು ದಕ್ಷಿಣಕ್ಕೆ ಸಾಗಿಸಿತು. ಸಂತತ್ವಕ್ಕೆ ಇಷ್ಟು ಸಾಕು.

'ಗುಲಾಮಗಿರಿಯ ಕಾರಣವನ್ನು ಇತ್ತೀಚಿನ ಇತಿಹಾಸಕಾರರು ತಮ್ಮ ರಾಜಕೀಯಕ್ಕೆ ತಕ್ಕಂತೆ ಅಂಟಿಸಿದರು' ಎನ್ನುವವರೂ ಇದ್ದಾರೆ. ಯುದ್ಧ ಮುಗಿದ ಎಂಟನೇ ವರ್ಷಕ್ಕೆ, 1873ರಲ್ಲಿ, ಪುಣೆಯ ಜ್ಯೋತಿಬಾ ಫುಲೆ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಕಪ್ಪು ಗುಲಾಮರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ. ಸಮುದ್ರದಾಚೆಯ ಶೂದ್ರನಿಗೆ ಅಂದೇ ತಿಳಿದದ್ದು ಇಂದಿನ ಆವಿಷ್ಕಾರ ಹೇಗಾದೀತು? ಬೇಡ, ದಕ್ಷಿಣದ ಕಡೆ ಕಾದಾಡಿದ ಹೆಸರಾಂತ ದಳಪತಿ ಜಾನ್ ಮಾಸ್ಬಿ 1907ರಲ್ಲಿ ಬರೆದ ಕಾಗದವನ್ನೇ ನೋಡಿ. ದಕ್ಷಿಣ ಯುದ್ಧಕ್ಕಿಳಿದದ್ದು ಗುಲಾಮಗಿರಿಗಾಗಿಯೇ ಎಂದು ಆತ ನೇರವಾಗಿ ಒಪ್ಪಿಕೊಂಡ. ತಾನು ಯಾವುದಕ್ಕೆ ಹೋರಾಡಿದೆ ಎಂದು ಅವನಿಗೆ ತಿಳಿದಿರಲಿಲ್ಲವೆ?

ಯುದ್ಧ ಹೂಡಿದವರು ಉತ್ತರದವರು ಎಂಬ ಆರೋಪಕ್ಕೆ ಎರಡು ಮಾತು. ಲಿಂಕನ್ ಅಧಿಕಾರ ಹಿಡಿದದ್ದು 1861ರ ಮಾರ್ಚ್ 4ರಂದು. ಅಷ್ಟರೊಳಗೆ ಏಳು ರಾಜ್ಯಗಳು ಹೊರನಡೆದು ಕೇಂದ್ರದ ಕೋಟೆಗಳು, ಶಸ್ತ್ರಾಗಾರಗಳು, ನ್ಯೂ ಆರ್ಲಿಯನ್ಸ್‌ನ ಟಂಕಸಾಲೆ ಇವನ್ನೆಲ್ಲ ವಶಪಡಿಸಿಕೊಂಡಿದ್ದವು. ದಕ್ಷಿಣ ಕೆರೊಲೈನಾದಲ್ಲಿ ಕೇಂದ್ರದ ಕೈಯಲ್ಲೇ ಉಳಿದಿದ್ದ ಸಮ್ಟರ್ ಕೋಟೆಗೆ ಆಹಾರವನ್ನಷ್ಟೇ ಕಳಿಸುತ್ತೇನೆ ಎಂದು ಲಿಂಕನ್ ಆ ರಾಜ್ಯದ ರಾಜ್ಯಪಾಲನಿಗೆ ಮುಂಚಿತವಾಗಿ ತಿಳಿಸಿದರು. ಏಪ್ರಿಲ್ 12ರ ಬೆಳಗಿನ ಜಾವ ಮೊದಲ ಗುಂಡು ಹಾರಿದ್ದು ದಕ್ಷಿಣದ ಫಿರಂಗಿಯಿಂದ.

ಕೊನೆಗೆ ಉಳಿಯುವುದು ಮೃದುವಾದ, ಆದ್ದರಿಂದಲೇ ಹೆಚ್ಚು ಜನ ನಂಬುವ ವಾದ: 'ಗುಲಾಮಗಿರಿ ತಾನಾಗಿಯೇ ಸಾಯುತ್ತಿತ್ತು, ಧಣಿಗಳಿಗೆ ಪರಿಹಾರ ಕೊಟ್ಟು ಶಾಂತಿಯಿಂದ ಮುಗಿಸಬಹುದಿತ್ತು, ಆರು ಲಕ್ಷಕ್ಕೂ ಹೆಚ್ಚು ಜನ ಸಾಯಬೇಕಿರಲಿಲ್ಲ.' ಸಾಯುತ್ತಿದ್ದ ವ್ಯವಸ್ಥೆಯ ಲಕ್ಷಣಗಳನ್ನು ನೋಡಿ. 1850ರ ದಶಕದುದ್ದಕ್ಕೂ ಗುಲಾಮರ ಬೆಲೆ ಏರಿತು. ದೇಶದ ಒಟ್ಟು ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹತ್ತಿಯದಾಗಿತ್ತು. ಗುಲಾಮರೆಂಬ ಆಸ್ತಿಯ ಬೆಲೆ ದೇಶದ ರೈಲು ಮತ್ತು ಕಾರ್ಖಾನೆಗಳಿಗೆ ಹೂಡಿದ ಬಂಡವಾಳವನ್ನು ಮೀರಿತ್ತು. ರಿಚ್‌ಮಂಡ್‌ನ ಟ್ರೆಡೆಗರ್ ಕಬ್ಬಿಣದ ಕಾರ್ಖಾನೆಯಲ್ಲಿ ಗುಲಾಮರು ದುಡಿಯುತ್ತಿದ್ದರು, ಅಂದರೆ ಹೊಲ ಬಿಟ್ಟು ಯಂತ್ರಕ್ಕೂ ಈ ಪದ್ಧತಿ ಹೊಂದಿಕೊಳ್ಳುತ್ತಿತ್ತು. ಕ್ಯೂಬಾವನ್ನು ಕೊಳ್ಳುವ, ಇಲ್ಲವೇ ಕಸಿಯುವ ಯೋಜನೆ 1854ರಲ್ಲಿ ಸಿದ್ಧವಾಗಿತ್ತು. ನಿಕರಾಗುವಾವನ್ನು ಹಿಡಿದ ವಿಲಿಯಂ ವಾಕರ್ 1856ರಲ್ಲಿ ಅಲ್ಲಿ ಗುಲಾಮಗಿರಿಗೆ ಮತ್ತೆ ಕಾನೂನಿನ ಮಾನ್ಯತೆ ಕೊಟ್ಟ. ತಮ್ಮ ಹತ್ತಿಯಿಲ್ಲದೆ ಜಗತ್ತು ನಡೆಯದು ಎಂಬ ನಂಬಿಕೆ ದಕ್ಷಿಣದವರಿಗೆ ಎಷ್ಟಿತ್ತೆಂದರೆ, 1861ರಲ್ಲಿ ರಫ್ತನ್ನು ತಾವೇ ತಡೆಹಿಡಿದು ಬ್ರಿಟನ್ ಮಣಿಯಲಿ ಎಂದು ಕಾದರು. ಬ್ರಿಟನ್ನಿನ ಗಿರಣಿಗಳು ಈಜಿಪ್ತಿನ ಕಡೆಗೆ, ಮುಂಬಯಿ ಪ್ರಾಂತದ ಕಡೆಗೆ ತಿರುಗಿದವು. ಅಮೆರಿಕದ ಬೀಜದಿಂದಲೇ ಬೆಳೆದ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದು, ಯುದ್ಧ ಮುಗಿದ ಕೂಡಲೇ ಕುಸಿದದ್ದು ನಮ್ಮ ಕರಿಮಣ್ಣಿನ ನಾಡಿನ ಚರಿತ್ರೆಯೂ ಹೌದು. ನಮ್ಮ ಹೊಲಗಳವರೆಗೆ ಕೈ ಚಾಚಿದ್ದ ಉದ್ಯಮ ಸಾಯುವ ಸ್ಥಿತಿಯಲ್ಲಿತ್ತು ಎನ್ನುವುದು ಯಾವ ಲೆಕ್ಕ?

ಪರಿಹಾರ ಕೊಡುವ ದಾರಿಯನ್ನಂತೂ ಲಿಂಕನ್ ಪ್ರಯತ್ನಿಸಿಯೇ ನೋಡಿದರು. ಒಕ್ಕೂಟದಲ್ಲೇ ಉಳಿದಿದ್ದ ಗುಲಾಮ ರಾಜ್ಯಗಳಲ್ಲಿ ಅತಿ ಚಿಕ್ಕದಾದ ಡೆಲವೇರ್‌ನಿಂದ ಆರಂಭಿಸಿದರು. 1860ರ ಜನಗಣತಿಯಂತೆ ಅಲ್ಲಿದ್ದ ಗುಲಾಮರು ಒಟ್ಟು 1,798. ಕೇಂದ್ರದ ಖಜಾನೆಯಿಂದ ತಲೆಗೆ 400 ಡಾಲರಿನಂತೆ 7,19,200 ಡಾಲರ್ ಕೊಡುವ ಕರಡನ್ನು 1861ರ ಕೊನೆಯಲ್ಲಿ ಸ್ವತಃ ಬರೆದರು. ಬಹುಮತ ಸಿಗದು ಎಂದು ತಿಳಿದು ಬೆಂಬಲಿಗರು ಅದನ್ನು ಸದನದಲ್ಲಿ ಮಂಡಿಸಲೇ ಇಲ್ಲ. 1862ರ ಜುಲೈನಲ್ಲಿ ಗಡಿ ರಾಜ್ಯಗಳ ಕಾಂಗ್ರೆಸ್ ಸದಸ್ಯರನ್ನು ಕರೆಸಿ ಮತ್ತೊಮ್ಮೆ ಕೇಳಿಕೊಂಡರು, ಹೆಚ್ಚಿನವರು ನಿರಾಕರಿಸಿದರು. ದುಡ್ಡು ತೆಗೆದುಕೊಂಡು 1,798 ಜನರನ್ನು ಬಿಡಲು ಒಪ್ಪದ ರಾಜ್ಯವಿದ್ದ ದೇಶದಲ್ಲಿ, ನಾಲ್ಕು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಗುಲಾಮರಿದ್ದ ಮಿಸಿಸಿಪ್ಪಿ ಶಾಂತಿಯಿಂದ ಒಪ್ಪುತ್ತಿತ್ತು ಎಂದು ನಂಬಬೇಕಂತೆ. ಗುಲಾಮಗಿರಿಯನ್ನು ನಿಷೇಧಿಸಿದ ತಿದ್ದುಪಡಿಯನ್ನು ಡೆಲವೇರ್ 1865ರಲ್ಲಿ ತಿರಸ್ಕರಿಸಿತು. ಅನುಮೋದಿಸಿದ್ದು 1901ರಲ್ಲಿ.